ಆವೇಶ ಬಂದ ಗೋಲಕ್ಕೆ ಮೂರು ದಾರಿ

ಕೋಲಾರದಲ್ಲಿ ಎಂ.ಎಸ್ಸಿ. ಹುಡುಗನೊಬ್ಬನಿಗೆ ಪ್ರಾಜೆಕ್ಟ್ ಕೊಡಬೇಕಿತ್ತು: ವಿದ್ಯುದಾವೇಶ ತುಂಬಿಕೊಂಡು ಅಲುಗಾಡದೆ ಕೂತ ಗೋಲ, ಐನ್‌ಸ್ಟೈನ್ ಗುರುತ್ವ ಸಮೀಕರಣಗಳ ಪ್ರಕಾರ. ಗೋಲದ ಹೊರಗೆ ತಕರಾರಿಲ್ಲ. ಅಲ್ಲಿನ ಉತ್ತರವನ್ನು ರೈಸ್ನರ್ 1916ರಲ್ಲಿ, ನಾರ್ಡ್‌ಸ್ಟ್ರಮ್ 1918ರಲ್ಲಿ ಬರೆದಿಟ್ಟಿದ್ದಾರೆ. ಪಜೀತಿಯೆಲ್ಲ ಒಳಗಡೆ. ಅವನಿಗೆ ಕೊಡುವ ಮುಂಚೆ ಮೂರು ದಾರಿಯನ್ನೂ ನಾನೇ ಹಿಡಿದು ನೋಡಿದೆ.

ಮೊದಲನೆಯದು ಮಜುಂದಾರ್–ಪಾಪಪೆಟ್ರು ದೂಳು, 1947ರದ್ದು. ಇದರಲ್ಲಿ ಒತ್ತಡವೇ ಇಲ್ಲ. ಗುರುತ್ವ ಎಳೆದಷ್ಟನ್ನೇ ಆವೇಶ ದೂಡುತ್ತದೆ. ಹುಡುಗನ ಮನೆಯಲ್ಲಿ ಟೊಮೆಟೊ ಬೆಳೆಯುತ್ತಾರೆ, ಹಾಗಾಗಿ ಬಾಕ್ಸ್ ಲೆಕ್ಕದಲ್ಲೇ ಹೇಳಿದೆ: ಕೆ.ಜಿ.ಗೆ 54 ಕೋಟಿ ಎಲೆಕ್ಟ್ರಾನ್ ಹೆಚ್ಚಿಗೆ ಇದ್ದರೆ ಸಾಕು, 15 ಕೆ.ಜಿ. ಬಾಕ್ಸಿಗೆ ಸುಮಾರು 810 ಕೋಟಿ. ಅಂಥ ಎರಡು ಬಾಕ್ಸು ಒಂದನ್ನೊಂದು ಎಳೆಯುವುದೂ ಇಲ್ಲ, ತಳ್ಳುವುದೂ ಇಲ್ಲ. "ಇಷ್ಟೇನಾ ಸಾರ್?" ಅಂದ. ಇಷ್ಟೇ. ಲೆಕ್ಕ ಒಂದು ಸಂಜೆಗೆ ಮುಗಿಯಿತು. ಗೋಲವೇ ಆಗಬೇಕೆಂದಿಲ್ಲ, ಯಾವ ಆಕಾರವಾದರೂ ನಿಲ್ಲುತ್ತದೆ. ಆದರೆ ಒತ್ತಡವಿಲ್ಲದ್ದನ್ನು ನಕ್ಷತ್ರ ಅನ್ನೋಕೆ ನನಗೆ ಮನಸ್ಸು ಬರಲಿಲ್ಲ.

ಎರಡನೆಯದು ಕ್ರೋರಿ–ಬರುವಾ ಮಾದರಿ, 1975ರದ್ದು. ದೇಶ-ಕಾಲ ಹೇಗೆ ಬಾಗಿದೆ ಅಂತ ಹೇಳುವ ಸೂತ್ರ ಮೆಟ್ರಿಕ್ಕು, ಅದರ ಎರಡು ಘಾತಗಳೂ ತ್ರಿಜ್ಯದ ವರ್ಗದಂತೆ ಬದಲಾಗುತ್ತವೆ ಅಂತ ಮೊದಲೇ ಹಿಡಿದುಬಿಡುವುದು. ಸಾಂದ್ರತೆ, ಒತ್ತಡ, ವಿದ್ಯುತ್ ಕ್ಷೇತ್ರ ತಾವಾಗಿ ಉದುರುತ್ತವೆ, ಕೇಂದ್ರದಲ್ಲಿ ಯಾವುದೂ ಅನಂತಕ್ಕೆ ಓಡುವುದಿಲ್ಲ. ನೋಡೋಕೆ ಬಲು ಚೆಂದ. ಆದರೆ ಒತ್ತಡ ಎಲ್ಲ ದಿಕ್ಕಿಗೂ ಒಂದೇ, ಮೇಲ್ಮೈಯಲ್ಲಿ ಸೊನ್ನೆ ಅಂದೊಡನೆ ಆವೇಶ ನಮ್ಮ ಕೈ ತಪ್ಪುತ್ತದೆ. ಸೂರ್ಯನಷ್ಟು ದ್ರವ್ಯರಾಶಿ, 7 ಕಿ.ಮೀ. ತ್ರಿಜ್ಯ ಕೊಟ್ಟೆ, ದೂಳಿನ ಸರಿಸಮ ಮಟ್ಟದ ಶೇ 78ರಷ್ಟು ಆವೇಶ ಅದೇ ಹಾಕಿಕೊಂಡಿತು, ಸುಮಾರು 1.3×10²⁰ ಕೂಲಂಬ್. ಗೋಲವನ್ನು ಎಷ್ಟು ದೊಡ್ಡದು ಮಾಡಿದರೂ ಶೇ 70ಕ್ಕೆ ಇಳಿಯಲಿಲ್ಲ. ಉಪ್ಪು ಕಮ್ಮಿ ಹಾಕಪ್ಪಾ ಅಂದರೂ ಕೇಳದ ಭಟ್ಟರ ಥರ. ಮೇಲ್ಮೈಯಲ್ಲಿ ಕ್ಷೇತ್ರ ಮೀಟರಿಗೆ 2×10²² ವೋಲ್ಟ್ ದಾಟುತ್ತದೆ. ನಿರ್ವಾತದಿಂದಲೇ ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿ ಕಿತ್ತು ಬರೋಕೆ 1.3×10¹⁸ರ ಆಸುಪಾಸು ಸಾಕು, ಅಂದರೆ ಇಂಥ ಗೋಲ ನಿಜದಲ್ಲಿ ಆವೇಶ ಹಿಡಿದಿಟ್ಟುಕೊಳ್ಳಲಾರದು.

ಮೂರನೆಯದು ಕೇಂದ್ರದಿಂದ ಹೊರಕ್ಕೆ ಒತ್ತಡ ಹೇಗೆ ಇಳಿಯುತ್ತದೆ ಅಂತ ಹೇಳುವ ಟಾಲ್ಮನ್–ಓಪನ್‌ಹೈಮರ್–ವೋಲ್ಕಾಫ್ ಸಮೀಕರಣ, ಬೆಕೆನ್‌ಸ್ಟೈನ್ 1971ರಲ್ಲಿ ಆವೇಶ ಸೇರಿಸಿದ ರೂಪದಲ್ಲಿ. ಪೈಥಾನ್‌ಗೆ ಹಾಕಿದೆ. ಕೇಂದ್ರದಲ್ಲೇ ಸೊನ್ನೆಯಿಂದ ಭಾಗಿಸಿ ಮಕಾಡೆ ಬಿತ್ತು. ಒಂದು ಮೀಟರ್ ಆಚೆಯಿಂದ ಶುರು ಮಾಡಿದೆ. ಉತ್ತರವೇನೋ ಬಂತು, ನಂಬಿಕೆ ಬರಲಿಲ್ಲ. ಕ್ರೋರಿ–ಬರುವಾದ ಸಾಂದ್ರತೆ, ಆವೇಶ ಎರಡನ್ನೂ ಇದಕ್ಕೇ ಉಣಿಸಿ ನೋಡಿದರೆ, ಮೇಲ್ಮೈ ಬಂದರೂ ಒತ್ತಡ ಸೊನ್ನೆಗೆ ಇಳಿದಿಲ್ಲ! ಎರಡು ದಿನ ತಲೆ ಕೆರೆದುಕೊಂಡೆ. ಕ್ಷೇತ್ರದ ಶಕ್ತಿಯೂ ದ್ರವ್ಯರಾಶಿಗೆ ಕೂಡಬೇಕು, ಸಮೀಕರಣದಲ್ಲಿ ಆ ಪದವನ್ನೇ ಬಿಟ್ಟಿದ್ದೆ. ಗುರುತ್ವ ಅಷ್ಟು ಸಣಕಲಾಗಿತ್ತು.

ಸೇರಿಸಿದ ಮೇಲೆ ತಾಳೆಯಾಯಿತು. ಇಲ್ಲಿ ಆವೇಶ ಸಾಂದ್ರತೆಯನ್ನು ದ್ರವ್ಯ ಸಾಂದ್ರತೆಯ ಇಂತಿಷ್ಟು ಪಾಲು ಅಂತ ನಾವೇ ಇಡಬಹುದು, ಬೇಕಾದರೆ ಸೊನ್ನೆಗೂ ಇಳಿಸಬಹುದು. ಹುಡುಗನಿಗೆ ಇದನ್ನೇ ಕೊಟ್ಟೆ, ಆ ಪದ ಅಳಿಸಿ. ಕ್ರೋರಿ–ಬರುವಾ ಪಕ್ಕದಲ್ಲಿಟ್ಟುಕೊಂಡು ಎಲ್ಲಿ ತಪ್ಪಿದೆ ಹುಡುಕು ಅಂದಿದ್ದೇನೆ.