ಹಾಲ್‌ಮಾರ್ಕ್ ನೋಡಿ ಕಲ್ಲನ್ನೂ ನಂಬಿ ಕೆಟ್ಟೆ

ಮಗಳು ಹುಟ್ಟಿದ್ದು ಡಿಸೆಂಬರ್‌ನಲ್ಲಿ. ಡಿಗ್ರಿ ಮುಗಿಸಿದ ವರ್ಷ ಹುಟ್ಟುಹಬ್ಬಕ್ಕೆ ನೀಲಿ ಕಲ್ಲಿನ ಉಂಗುರ ಬೇಕು ಅಂದಳು. ನಮ್ಮತ್ತೆ ಮಾತ್ರ ‘ನೀಲ ಶನಿ ಕಲ್ಲು ಕಣಮ್ಮ, ಎಲ್ಲರಿಗೂ ಆಗಿಬರಲ್ಲ’ ಅಂತ ಪಟ್ಟು ಹಿಡಿದರು. ತುಮಕೂರಿನ ಅಂಗಡಿಯೊಂದರಲ್ಲಿ ಇದನ್ನೇ ಹೇಳಿದೆ. ಹೆಸರು ಬರೆಯಲ್ಲ. ‘ನೀಲ ಯಾಕೆ ಮೇಡಂ, ಟಾಂಜನೈಟ್ ತಗೊಳ್ಳಿ. ಡಿಸೆಂಬರ್‌ನವರ ಕಲ್ಲೇ ಅದು, ಶನಿ ಕಾಟ ಇಲ್ಲ’ ಅಂದ. ಅತ್ತೆಗೂ ಸಮಾಧಾನವಾಯ್ತು.

ಉಂಗುರದ ಒಳಮೈಯಲ್ಲಿ 916, ಪಕ್ಕದಲ್ಲಿ ಎಚ್‌ಯುಐಡಿ ಅನ್ನೋ ಆರಕ್ಷರದ ಗುರುತಿನ ಕೋಡ್. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿದೆ, ಸರಿಯಾಗಿತ್ತು. ಅಲ್ಲೇ ಮೈಮರೆತದ್ದು. ಆ ಹಾಲ್‌ಮಾರ್ಕ್ ಗುರುತು ಚಿನ್ನದ ಶುದ್ಧತೆಗೆ ಮಾತ್ರ, ಕಲ್ಲು ಏನೆಂದು ಅದು ಹೇಳುವುದೇ ಇಲ್ಲ.

ಯುಗಾದಿ ಹೊತ್ತಿಗೆ ಕಲ್ಲಿನ ಅಂಚು ಸವೆದು ಮಂಕಾಯ್ತು. ಕೇಳಿದರೆ ‘ಟಾಂಜನೈಟ್ ಮೆದು ಕಲ್ಲು, ಹಾಗೇ ಆಗೋದು’ ಅಂದ. ಅರ್ಧ ನಿಜವೇ. ಹತ್ತರ ಅಳತೆಯಲ್ಲಿ ನೀಲದ ಗಡಸುತನ 9 ಇದ್ದರೆ ಇದರದ್ದು 6ರಿಂದ 7. ಪಾತ್ರೆ ಉಜ್ಜುವ ಕೈಗೆ ದಿನಾ ಹಾಕುವಂಥದ್ದಲ್ಲ. ಮಾರುವಾಗ ಈ ಮಾತು ಅವನ ಬಾಯಲ್ಲಿ ಬಂದಿರಲಿಲ್ಲ ಅನ್ನಿ.

ನನ್ನ ತಾಳಿ ಮಾಡಿಕೊಟ್ಟ ಆಚಾರ್ರ ಹತ್ತಿರ ಒಯ್ದೆ. ಭೂತಗನ್ನಡಿ ಕಣ್ಣಿಗೊತ್ತಿಕೊಂಡು ಬೆಳಕಿಗೆ ಹಿಡಿದರು, ಆಮೇಲೆ ನನ್ನ ಕೈಗೆ ಕೊಟ್ಟು ‘ನೀನೇ ನೋಡಮ್ಮ’ ಅಂದರು. ಒಳಗೆ ಸೋಡಾದಲ್ಲಿ ಏಳುವಂಥ ದುಂಡು ಗುಳ್ಳೆಗಳು. ಗಾಜು! ಟಾಂಜನೈಟ್ ಆಗಿದ್ದರೆ ತಿರುಗಿಸಿದಂತೆ ಒಂದು ಕಡೆ ನೀಲಿ, ಇನ್ನೊಂದು ಕಡೆ ನೇರಳೆ ಕಾಣಬೇಕಿತ್ತಂತೆ. ನಮ್ಮದು ಎತ್ತ ತಿರುಗಿಸಿದರೂ ಇಂಕಿನ ನೀಲಿ. ಆ ಕಲ್ಲು ಸಿಗೋದು ಟಾಂಜಾನಿಯಾದಲ್ಲಿ, ಕಿಲಿಮಂಜಾರೋ ಹತ್ತಿರದ ಬೆಟ್ಟಗಳಲ್ಲಿ ಮಾತ್ರ, ಅದೂ ಬೆಳಕಿಗೆ ಬಂದದ್ದು 1967ರಲ್ಲಿ. ಹೆಚ್ಚಿನವು ಕಂದು ಕಲ್ಲನ್ನು ಕಾಯಿಸಿ ನೀಲಿ ಬರಿಸಿದವು. ಅದು ಮೋಸವಲ್ಲ, ಹೇಳಿ ಮಾರಬೇಕು ಅಷ್ಟೇ.

ಡಿಸೆಂಬರ್‌ಗೆ ಹೇಳುವ ಉಳಿದ ಎರಡರಲ್ಲೂ ಹುಷಾರು. ಫಿರೋಜಾ ಅಂತ ಹೌಲೈಟ್ ಅನ್ನೋ ಬಿಳಿ ಕಲ್ಲಿಗೆ ಬಣ್ಣ ಕುಡಿಸಿ ಕೊಡುತ್ತಾರೆ. ಇನ್ನು ಜಿರ್ಕಾನ್: ಅಮೆರಿಕನ್ ಡೈಮಂಡನ್ನೇ ನಮ್ಮಲ್ಲಿ ಎಷ್ಟೋ ಜನ ಜಿರ್ಕಾನ್ ಅಂತಾರೆ, ಆದರೆ ಅಸಲಿ ನೀಲಿ ಜಿರ್ಕಾನ್ ನೆಲದಲ್ಲಿ ಸಿಗುವ ಬೇರೆಯೇ ಕಲ್ಲು. ಭೂತಗನ್ನಡಿಯಲ್ಲಿ ಮೇಲಿನಿಂದ ನೋಡಿದರೆ ಅದರ ಹಿಂಬದಿಯ ಅಂಚುಗಳು ಎರಡೆರಡಾಗಿ ಕಾಣುತ್ತವೆ.

ನನ್ನ ಬಿಲ್‌ನಲ್ಲಿ ಇದ್ದದ್ದು ‘ನೀಲಿ ಕಲ್ಲಿನ ಉಂಗುರ, 5.2 ಗ್ರಾಂ’ ಅಷ್ಟೇ. ಟಾಂಜನೈಟ್ ಅನ್ನೋ ಪದವೇ ಇಲ್ಲ. ಇನ್ನೇನು ಜಗಳ ಆಡಲಿ? ನೀವಾದರೂ ಕಲ್ಲಿನ ಹೆಸರು, ಅದರ ತೂಕ, ಚಿನ್ನದ ತೂಕ ಬೇರೆಬೇರೆ ಬರೆಸಿಕೊಳ್ಳಿ. ದುಡ್ಡು ಕೊಡುವ ಮೊದಲೇ ಲ್ಯಾಬ್ ಸರ್ಟಿಫಿಕೇಟ್ ಕೇಳಿ.

ಕೊನೆಗೆ ವಾಪಸ್ ತಗೊಳ್ಳೋಕೆ ಒಪ್ಪಿದ. ತಕ್ಕಡಿಗೆ ಇಟ್ಟು, ಕ್ಯಾಲ್ಕುಲೇಟರ್ ಒತ್ತಿ, ‘ಕಲ್ಲಿನ ತೂಕ 3 ಕ್ಯಾರೆಟ್ ಮೇಡಂ, 0.6 ಗ್ರಾಂ ಕಳೀಬೇಕು’ ಅಂದ. ಕೊಳ್ಳುವಾಗ ಆ 0.6 ಗ್ರಾಮಿಗೂ ಚಿನ್ನದ ರೇಟೇ ಹಾಕಿದ್ದ.