ಗಣೇಶನ ಸ್ಟೇಜಲ್ಲಿ ಬೇಸ್ ನುಡಿಸ್ತಾ ಹಾಡೋರು ಮೈಕಿಗೆ ಬಾಯಿ ಇಡೋ ಮುಂಚೆ ಇದನ್ನ ಓದಿ

ಗಣೇಶನ ಸೀಸನ್ ಬಂತು, ಅದಾದ್ಮೇಲೆ ನವೆಂಬರ್ ಪೂರ್ತಿ ರಾಜ್ಯೋತ್ಸವ. ಕೆಲಸ, ಕಾಲೇಜು ಮುಗಿಸ್ಕೊಂಡು ರಾತ್ರಿ ಹೊತ್ತು ಪ್ರಾಕ್ಟೀಸ್ ಮಾಡೋ ನಮ್ಮಂಥ ಬ್ಯಾಂಡ್‌ಗಳಿಗೆ ವರ್ಷದಲ್ಲಿ ಸ್ಟೇಜ್ ಸಿಗೋದೇ ಈಗ, ಅದಕ್ಕೇ ಇವಾಗ್ಲೇ ಬರೀತಿದೀನಿ. ಹೋದ ವರ್ಷ ಒಂದು ಗಣೇಶೋತ್ಸವದಲ್ಲಿ ಹಾಡ್ತಾ ಇದ್ದಾಗ ನಂಗೆ ಕರೆಂಟ್ ಹೊಡೀತು. ಕೈಲಿ ಬೇಸ್ ಗಿಟಾರ್, ತುಟಿ ಮೈಕ್ ಮೇಲೆ. ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸ್ಕೊಂಡು ರಾತ್ರಿಯೆಲ್ಲ ಅಲ್ಲೇ ಮಲಗೋ ಅಷ್ಟು. ಊರಿನ ಹೆಸ್ರು, ಕಮಿಟಿ ಹೆಸ್ರು, ಸೌಂಡ್ ಸಿಸ್ಟಮ್‌ನವ್ರ ಹೆಸ್ರು ಹೇಳಲ್ಲ, ಹೇಳಿ ಪ್ರಯೋಜನಾನೂ ಇಲ್ಲ, ನಾನು ಹತ್ತಿರೋ ಸ್ಟೇಜುಗಳಲ್ಲಿ ಬಹಳಷ್ಟು ಹಿಂಗೇ ಇರೋದು.

ಹಾಸನದ ಕಡೆ ಊರು. ಕಮಿಟಿಯವ್ರು ಹೇಳಿದ್ದು "ಮೊದ್ಲು ಅಣ್ಣಾವ್ರ ಹಾಡು ನಾಲ್ಕೈದು ಹೇಳ್ಬಿಡಿ, ಮಧ್ಯ ನಿಮ್ದು ಎರಡು ಹಾಕ್ಕೊಳಿ, ಲಾಸ್ಟಲ್ಲಿ ಹುಡುಗ್ರು ಕುಣಿಯೋ ಹಾಡಿರ್ಬೇಕು" ಅಂತ. ದುಡ್ಡು ಅಂದ್ರೆ ಟೆಂಪೋ ಬಾಡಿಗೆ, ರಾತ್ರಿ ಊಟ. ಸ್ವಂತವಾಗಿ ಹಾಡು ಕಟ್ಟೋರಿಗೆ ಗೊತ್ತಿರುತ್ತೆ, ಯಾರೂ ಕೇಳಿರದ ಹಾಡನ್ನ ಇಡೀ ಊರಿನ ಮುಂದೆ ಹೇಳೋಕೆ ಬಿಡ್ತೀವಿ ಅಂದ್ರೆ ಎಷ್ಟು ಖುಷಿ ಅಂತ, ಅಂಥ ಟೈಮಲ್ಲಿ ಹೋಗಿ "ಸ್ವಾಮಿ, ಅರ್ತಿಂಗ್ ಎಲ್ಲಿದೆ ತೋರ್ಸಿ" ಅಂದ್ರೆ ಇವ್ರದ್ದು ಬಹಳ ಆಯ್ತು ಅಂತಾರೆ, ಮುಂದಿನ ವರ್ಷ ಕರೆಯಲ್ಲ. ನನ್ ಪ್ರಕಾರ ವೈರಿಗಿಂತ ಡೇಂಜರ್ ಈ ಸಂಕೋಚಾನೇ. ದೊಡ್ಡ ಆರ್ಕೆಸ್ಟ್ರಾದವ್ರು ಮಿಕ್ಸರ್, ಕೇಬಲ್, ಸೌಂಡ್ ನೋಡ್ಕೊಳೋ ಮನುಷ್ಯ ಎಲ್ಲ ತಮ್ಮದೇ ತರ್ತಾರೆ. ನಾವು ಅಲ್ಲೇನಿದೆಯೋ ಅದಕ್ಕೇ ಜಾಕ್ ಸಿಗ್ಸಿ ಶುರು ಹಚ್ಕೋತೀವಿ.

ಸ್ಟೇಜ್ ದೇವಸ್ಥಾನದ ಮುಂದೆ, ಗಣಪತಿ ಪಕ್ಕದಲ್ಲೇ ಕೂತಿರೋದ್ರಿಂದ ಚಪ್ಪಲಿ ಶೂ ಎಲ್ಲ ಕೆಳಗೆ ಬಿಟ್ಟೇ ಹತ್ಬೇಕು, ಅದು ಸರಿನೇ ಬಿಡಿ. ಮಧ್ಯಾಹ್ನ ಮಳೆ ಬಂದಿತ್ತು, ಹಲಗೆ ಮೇಲೆ ಹಾಸಿದ್ದ ಕೆಂಪು ಕಾರ್ಪೆಟ್ ತೇವ ಇನ್ನೂ ಆರಿರ್ಲಿಲ್ಲ. ಮಿಕ್ಸರ್, ಸ್ಪೀಕರ್, ಮೈಕು ಇವೆಲ್ಲ ಜನರೇಟರ್ ಮೇಲೆ. ನಮ್ಮ ಗಿಟಾರ್ ಆಂಪ್‌ಗಳಿಗೆ (ಆಂಪ್ಲಿಫೈಯರ್) ಮಾತ್ರ ಪಕ್ಕದ ಮನೆ ಕಿಟಕಿಯಿಂದ ಎಳೆದ ಎರಡೆಳೆ ವೈರು, ಮನೆ ಕಡೆ ಪ್ಲಗ್ಗೂ ಇಲ್ಲ, ತುದಿ ಸುಲಿದು ಸಾಕೆಟ್ ತೂತಿಗೆ ತುರುಕಿ ಜಾರದೇ ಇರ್ಲಿ ಅಂತ ಬೆಂಕಿಕಡ್ಡಿ ಚುಚ್ಚಿದ್ರು. ಈ ಕಡೆ ಒಂದು ಮರದ ಜಂಕ್ಷನ್ ಬಾಕ್ಸ್, ಅದ್ರಲ್ಲಿ ನೋಡೋಕೆ ಚೆಂದ ತ್ರೀ ಪಿನ್ ಸಾಕೆಟ್ಟು. ಬರ್ತಿರೋದೇ ಎರಡು ವೈರು ಅಂದ್ಮೇಲೆ ಮೂರನೇ ಪಿನ್ನಿಗೆ ಅರ್ತ್ ಎಲ್ಲಿಂದ ಬರ್ಬೇಕು?

ಸೌಂಡ್ ಚೆಕ್ ಟೈಮಲ್ಲಿ ನನ್ ಆಂಪಿಂದ ಗುಂಯ್ ಅಂತ ಹಮ್ ಬರ್ತಿತ್ತು. ಸೌಂಡಿನ ಹುಡುಗ ಬಾಕ್ಸ್ ಬಿಚ್ಚಿ ಒಂದು ತುಂಡು ವೈರ್ ಹಾಕಿ ಏನೋ ಮಾಡ್ದ, ಹಮ್ ನಿಂತೋಯ್ತು, ಎಲ್ರೂ ಭೇಷ್ ಅಂದ್ರು. ಸಾಯಂಕಾಲ ಕರೆಂಟ್ ಹೋಯ್ತು, ಆ ಲೈನೂ ಕಿತ್ತು ಜನರೇಟರಿಗೆ ಹಾಕಿದ್ರು, ಲೋಡ್ ತಡೀತಿಲ್ಲ ಅಂತ ಕರೆಂಟ್ ಬಂದ್ಮೇಲೆ ಮತ್ತೆ ಆ ಮನೆ ಸಾಕೆಟ್ಟಿಗೇ ತುರುಕಿದ್ರು. ಆಗ ಹಮ್ ವಾಪಸ್ ಬಂತು. ಇಲ್ಲೊಂದು ವಿಷ್ಯ ಬೇಸ್ ನುಡಿಸೋರು ತಿಳ್ಕೊಳ್ಳಿ, ನಮ್ಮ ಮೇನ್ಸ್ ಕರೆಂಟ್ 50 ಹರ್ಟ್ಸ್, ಬೇಸಲ್ಲಿ ಇ ಸ್ಟ್ರಿಂಗ್ ಮೂರನೇ ಫ್ರೆಟ್ಟಲ್ಲಿ ಸಿಗೋ ಜಿ ಸ್ವರ 49 ಹರ್ಟ್ಸ್, ಹತ್ತಿರ ಹತ್ತಿರ ಒಂದೇ. ನಮ್ ಹಾಡು ಇದ್ದಿದ್ದು ಜಿ ಮೈನರಲ್ಲಿ. ಹಾಡು ಶುರುವಾದ್ಮೇಲೆ ಆ ಹಮ್ ಹಾಡೊಳಗೇ ಕರಗೋಯ್ತು, ಯಾರಿಗೂ ಕೇಳಿಸ್ಲಿಲ್ಲ.

ಅಣ್ಣಾವ್ರ ಹಾಡುಗಳಿಗೆ ನಾನು ಬರೀ ಬೇಸ್, ಮೈಕಿಂದ ದೂರ ಇದ್ದೆ. ಸ್ಟ್ರಿಂಗ್ ಮುಟ್ಟಿದಾಗೆಲ್ಲ ಮುಂಗೈಲಿ ಇರುವೆ ಹರಿದಾಡಿದ ಹಂಗೆ ಜುಮ್ ಜುಮ್ ಅಂತಿತ್ತು. ಎರಡು ಹಾಡಿನ ಮಧ್ಯ ಹುಡುಗನ್ನ ಕರ್ದು "ಗುರೂ ಶಾಕ್ ಹೊಡೀತಿದೆ ನೋಡಪ್ಪ" ಅಂದೆ, ಅವ್ನು "ತೇವ ಅಲ್ವಾ ಸಾರ್, ಸ್ವಲ್ಪ ಹಂಗೇ ಇರುತ್ತೆ, ಎಂಸಿಬಿ ಇದೆ ಏನೂ ಆಗಲ್ಲ" ಅಂತ ನಗಾಡ್ಕೊಂಡು ಹೋದ (ಎಂಸಿಬಿ ಅಂದ್ರೆ ಲೋಡ್ ಜಾಸ್ತಿ ಆದ್ರೆ ತಾನೇ ಆಫ್ ಆಗೋ ಸ್ವಿಚ್ಚು).

ನಮ್ಮ ಹಾಡಲ್ಲಿ ಪಲ್ಲವಿಗೆ ನಾನೂ ದನಿ ಸೇರಿಸ್ಬೇಕು. ಮುಂದೆ ಬಂದು ಮೈಕಿಗೆ ತುಟಿ ತಾಗಿಸ್ದೆ ಅಷ್ಟೇ. ತಲೆ ಒಳಗೆ ಬೆಳ್ಳಗೆ ಏನೋ ಸಿಡಿದಂಗಾಯ್ತು, ದವಡೆ ಲಾಕ್ ಆಯ್ತು, ಎಡಗೈ ಬೇಸ್ ಕತ್ತನ್ನ ಹಿಡ್ಕೊಂಡಿದ್ದು ಬಿಡೋಕೇ ಆಗ್ಲಿಲ್ಲ, ಬಿಡ್ಬೇಕು ಅಂತ ಗೊತ್ತಾಗ್ತಿದೆ ಕೈ ಮಾತ್ರ ಮಾತು ಕೇಳ್ತಿಲ್ಲ. ಹಿಂದಕ್ಕೆ ಬಿದ್ನಲ್ಲ, ಅದ್ರಿಂದ ಉಳ್ಕೊಂಡೆ, ಮೈಕ್ ಸ್ಟ್ಯಾಂಡ್ ಆ ಕಡೆ ಬಿತ್ತು, ನಾನು ಡ್ರಮ್ಸ್ ಮೇಲೆ. ಕೆಳತುಟಿ ಮೇಲೆ ಜಾಲರಿ ಗುರುತು ಬಿಳೀ ಚುಕ್ಕೆ ಚುಕ್ಕೆ, ಬೆರಳ ತುದೀಲಿ ಸ್ಟ್ರಿಂಗ್ ಕೂತಿದ್ದ ಕಡೆ ಕರೀ ಗೆರೆ. ಮುಂದೆ ಕೂತಿದ್ದ ಹುಡುಗ್ರು ಇದೂ ಶೋನಲ್ಲಿರೋದೇ ಅಂತ ಶಿಳ್ಳೆ ಹೊಡೀತಿದ್ರಂತೆ.

ನಮ್ ಡ್ರಮ್ಮರ್ ಮಾವ ಎಲೆಕ್ಟ್ರಿಷಿಯನ್, ಮಾರನೇ ದಿನ ಹೋಗಿ ಬಾಕ್ಸ್ ಬಿಚ್ಚಿಸಿ ನೋಡಿದ್ರು. ಹಮ್ ನಿಲ್ಲಿಸೋಕೆ ಆ ಹುಡುಗ ಬಾಕ್ಸ್ ಒಳಗೆ ಅರ್ತ್ ಪಿನ್ನನ್ನ ನ್ಯೂಟ್ರಲ್ಲಿಗೆ (ಕರೆಂಟ್ ವಾಪಸ್ ಹೋಗೋ ವೈರು) ಲೂಪ್ ಮಾಡಿದ್ದ. ಮೊದ್ಲು ಅದು ನಡೀತು. ಸಾಯಂಕಾಲ ಬೆಂಕಿಕಡ್ಡಿ ಕಿತ್ತು ಮತ್ತೆ ಚುಚ್ಚುವಾಗ ಎರಡು ವೈರು ಅದಲುಬದಲಾಗಿದೆ, ನ್ಯೂಟ್ರಲ್ ಇದ್ದ ಜಾಗಕ್ಕೆ ಫೇಸ್ (ಕರೆಂಟ್ ಬರೋ ವೈರು) ಬಂತು, ಲೂಪ್ ಮಾಡಿದ್ರಿಂದ ಆಂಪಿನ ಇಡೀ ಕಬ್ಬಿಣದ ಬಾಡಿ 230 ವೋಲ್ಟು. ಬೇಸಿನ ಬ್ರಿಡ್ಜ್ (ಸ್ಟ್ರಿಂಗ್ ಕೂರೋ ಲೋಹದ ಭಾಗ) ಕೆಳಗೆ ಒಂದು ಸಣ್ಣ ವೈರಿರುತ್ತೆ, ಹಮ್ ಕಮ್ಮಿ ಮಾಡೋಕೆ ಕಂಪನಿಯವ್ರೇ ಹಾಕಿರ್ತಾರೆ, ಅದ್ರಿಂದ ಸ್ಟ್ರಿಂಗು, ಜಾಕು, ಆಂಪ್ ಬಾಡಿ ಎಲ್ಲ ಒಂದೇ ಲೈನು. ಅಂದ್ರೆ ನನ್ ಬೆರಳಿದ್ದಿದ್ದು ಫೇಸ್ ಮೇಲೆ. ಮೈಕಿನ ಜಾಲರಿ ಕೇಬಲ್ ಮೂಲಕ ಮಿಕ್ಸರಿಗೆ, ಮಿಕ್ಸರಿಂದ ಜನರೇಟರ್ ಅರ್ತಿಗೆ, ಅಲ್ಲಿ ನೆಲಕ್ಕೆ ರಾಡ್ ಹೊಡ್ದಿದ್ರು. ಮಧ್ಯ ಸಿಕ್ಕಾಕ್ಕೊಂಡೋನು ನಾನು. ಅವತ್ತು ಬರೀ ಬೇಸ್ ನುಡಿಸ್ತಿದ್ದಾಗ ಜುಮ್ ಅಂದು ಮುಗೀತು, ಬರೀ ಹಾಡೋನಿಗೆ ಏನೂ ಗೊತ್ತಾಗ್ತಿರ್ಲಿಲ್ಲ, ಎರಡೂ ಮಾಡೋನಿಗೇ ಪೂರ್ತಿ ಹೊಡೆತ.

ಎಂಸಿಬಿ ಮಾತು ನಂಬ್ಬೇಡಿ. ಮನೇಲಿರೋ 16 ಆಂಪಿಯರ್ ಎಂಸಿಬಿ ಬೀಳೋದು 16 ಆಂಪಿಯರ್ ದಾಟಿದ್ಮೇಲೆ, ಮನುಷ್ಯನ ಹೃದಯಕ್ಕೆ ಅದ್ರ ನೂರನೇ ಒಂದು ಪಾಲೂ ಬೇಡ. ಜೀವ ಉಳ್ಸೋದು ಆರ್‌ಸಿಸಿಬಿ (ಕರೆಂಟ್ ಲೀಕ್ ಆದ ತಕ್ಷಣ ಲೈನ್ ಕಟ್ ಮಾಡೋ ಸ್ವಿಚ್ಚು), 30 ಮಿಲಿ ಆಂಪಿಯರಿಂದು, ಆದ್ರೆ ಜನರೇಟರ್ ಲೈನಲ್ಲಿ ನ್ಯೂಟ್ರಲ್ಲು ಅರ್ತು ಸರಿಯಾಗಿ ಕಟ್ಟಿಲ್ಲ ಅಂದ್ರೆ ಅದೂ ಕೈ ಕೊಡುತ್ತೆ.

ಇದೇನು ಹೊಸದಲ್ಲ. 1965ರಲ್ಲಿ ಅಮೆರಿಕದ ಸ್ಯಾಕ್ರಮೆಂಟೊ ಶೋನಲ್ಲಿ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ಗಿಟಾರು ಮೈಕ್ ಸ್ಟ್ಯಾಂಡಿಗೆ ತಾಗಿ ಎಚ್ಚರ ತಪ್ಪಿ ಬಿದ್ದಿದ್ರು, ಕಾಲಲ್ಲಿ ರಬ್ಬರ್ ಸೋಲ್ ಶೂ ಇದ್ದಿದ್ದಕ್ಕೆ ಉಳಿದ್ರು ಅಂತಾರೆ. 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರಿಸ್ಟ್ ಲೆಸ್ ಹಾರ್ವಿ ಅರ್ತ್ ಇಲ್ದಿರೋ ಮೈಕ್ ಮುಟ್ಟಿ ಸ್ಟೇಜ್ ಮೇಲೇ ತೀರ್ಕೊಂಡ್ರು. ಅಂಥ ದೊಡ್ಡ ಸ್ಟೇಜುಗಳಲ್ಲೇ ಹಂಗಾದ್ರೆ ನಾವು ಬರಿಗಾಲಲ್ಲಿ ತೇವದ ಕಾರ್ಪೆಟ್ ಮೇಲೆ ನಿಲ್ಲೋರು.

ಕಮಿಟಿಯವ್ರು ಆಸ್ಪತ್ರೆಗೆ ಹಣ್ಣು ತಂದು "ಗಣಪತಿ ಕಾಪಾಡ್ದ ಬಿಡಪ್ಪ, ಏನೂ ಆಗ್ಲಿಲ್ವಲ್ಲ" ಅಂದ್ರು, ಒಳ್ಳೇ ಜನಾನೇ. ಆದ್ರೆ ಡ್ರಮ್ಮರ್ ಮಾವ ಹೋಗೋವರೆಗೂ ಆ ಬಾಕ್ಸ್ ಅಲ್ಲೇ ಇತ್ತು, ಅದಕ್ಕೇ ಸೀರಿಯಲ್ ಸೆಟ್ ಹಾಕಿದ್ರು, ಮಕ್ಕಳು ಅದ್ರ ಪಕ್ಕದಲ್ಲೇ ಓಡಾಡ್ತಿದ್ರು.

ಈಗ ನಾನು ಏನ್ ಮಾಡ್ತೀನಿ ಅಂದ್ರೆ, ಬೇಸ್ ಬ್ಯಾಗಲ್ಲಿ ಟ್ಯೂನರ್ ಪಕ್ಕ ಒಂದು ನಿಯಾನ್ ಟೆಸ್ಟರ್, ಒಂದು ಮಲ್ಟಿಮೀಟರ್ ಇರುತ್ತೆ, ಎರಡೂ ಎಲೆಕ್ಟ್ರಿಕಲ್ ಅಂಗಡೀಲಿ ಒಂದು ಸೆಟ್ ಬೇಸ್ ಸ್ಟ್ರಿಂಗಿಗಿಂತ ಕಮ್ಮಿ ದುಡ್ಡಿಗೆ ಸಿಗುತ್ತೆ. ಎಲ್ಲ ಆನ್ ಮಾಡಿಸಿ ಮೊದ್ಲು ಟೆಸ್ಟರಲ್ಲಿ ಆಂಪಿನ ಸ್ಕ್ರೂ, ಸ್ಟ್ರಿಂಗು, ಮೈಕ್ ಜಾಲರಿ ಮುಟ್ಟಿ ನೋಡ್ತೀನಿ, ಎಲ್ಲಾದ್ರೂ ದೀಪ ಹತ್ತಿದ್ರೆ ಅಲ್ಲಿಗೇ ನಿಲ್ಸಿ. ಆಮೇಲೆ ಮೀಟರನ್ನ ಎಸಿ ವೋಲ್ಟಿಗೆ ಇಟ್ಟು ಒಂದು ಕಡ್ಡಿ ಸ್ಟ್ರಿಂಗಿಗೆ, ಇನ್ನೊಂದು ಮೈಕ್ ಜಾಲರಿಗೆ, ಸೊನ್ನೆ ಹತ್ರ ಬರ್ಬೇಕು. ಕೆಲವು ಸಲ 100 ಆಸುಪಾಸು ತೋರ್ಸುತ್ತೆ, ಅರ್ತ್ ಇಲ್ದಿರೋ ಅಡಾಪ್ಟರುಗಳ ಸಣ್ಣ ಲೀಕೇಜೂ ಇರ್ಬಹುದು, ನನ್ ತರ ಫೇಸೇ ಬಂದಿರೋದೂ ಇರ್ಬಹುದು, ಸ್ಟೇಜ್ ಮೇಲೆ ನಿಂತು ಯಾವುದು ಅಂತ ಹೇಳೋಕಾಗಲ್ಲ, ಹಂಗಾಗಿ ಎರಡಕ್ಕೂ ನುಡಿಸಲ್ಲ. ಕರೆಂಟ್ ಹೋಗಿ ಬಂದ್ರೆ, ಯಾರಾದ್ರೂ ಪ್ಲಗ್ ಮುಟ್ಟಿದ್ರೆ ಮತ್ತೆ ಮೊದಲಿಂದ ಚೆಕ್ಕು, ಜನ ಕಾಯ್ಲಿ ಪರ್ವಾಗಿಲ್ಲ.

ಆಂಪು, ಮೈಕು, ಮಿಕ್ಸರ್ ಎಲ್ಲ ಒಂದೇ ಸಪ್ಲೈ ಮೇಲೆ ಹಾಕ್ಸಿ, ಜನರೇಟರ್ ಅಂದ್ರೆ ಎಲ್ಲ ಜನರೇಟರೇ. ಹಮ್ ಬರುತ್ತೆ ಅಂತ ಅರ್ತ್ ಪಿನ್ ಮುರಿಯೋದು, ಟೂ ಪಿನ್ ಕನ್ವರ್ಟರ್ ಹಾಕೋದು, ನ್ಯೂಟ್ರಲ್ ಲೂಪು ಇದ್ಯಾವುದಕ್ಕೂ ಬಿಡ್ಬೇಡಿ, ಎಷ್ಟು ಸೀನಿಯರ್ ಸೌಂಡಿನವ್ರು ಹೇಳಿದ್ರೂ. ಹಮ್ಮಿಗೆ ಡಿಐ ಬಾಕ್ಸ್ (ಗಿಟಾರಿಂದ ಮಿಕ್ಸರಿಗೆ ಸಿಗ್ನಲ್ ಕೊಡೋ ಸಣ್ಣ ಡಬ್ಬಿ) ಇದೆ, ಅದ್ರಲ್ಲಿ ಗ್ರೌಂಡ್ ಲಿಫ್ಟ್ ಅಂತ ಒಂದು ಸ್ವಿಚ್ಚು, ಅದು ಸಿಗ್ನಲ್ ಕೇಬಲ್ಲಿನ ಗ್ರೌಂಡ್ ಮಾತ್ರ ಬಿಡ್ಸುತ್ತೆ, ಮೇನ್ಸ್ ಅರ್ತ್ ಹಂಗೇ ಇರುತ್ತೆ. ಬೇಸಿಗೆ ಬ್ಯಾಟರೀಲಿ ನಡಿಯೋ ವೈರ್‌ಲೆಸ್ ಹಾಕ್ಕೊಂಡ್ರೆ ಸ್ಟ್ರಿಂಗಿಗೂ ಆಂಪಿಗೂ ವೈರ್ ಸಂಬಂಧಾನೇ ಇರಲ್ಲ, ನಾನು ಈಗ ಅದನ್ನೇ ಬಳಸ್ತಿರೋದು, ಮೈಕಿಗೂ ಒಂದು ಸ್ಪಂಜ್ ಟೋಪಿ ಹಾಕಿದೀನಿ, ದನಿ ಸ್ವಲ್ಪ ಮಂಕಾಗುತ್ತೆ ಅಂತ ಸಿಂಗರ್ ಬೈತಾನೆ, ಬೈಲಿ. ಬರಿಗಾಲಲ್ಲೇ ಹತ್ಬೇಕು ಅಂದ್ರೆ ಒಣಗಿರೋ ದಪ್ಪ ರಬ್ಬರ್ ಮ್ಯಾಟ್ ಒಂದು ಮನೆಯಿಂದ್ಲೇ ತಗೊಂಡ್ಹೋಗಿ, ದೇವ್ರ ಹತ್ರ ಮ್ಯಾಟಿಗೆ ಯಾರೂ ಬೇಡ ಅನ್ನಲ್ಲ.

ಇನ್ನೊಂದು, ಬ್ಯಾಂಡಲ್ಲಿ ಎಲ್ರಿಗೂ ಹೇಳಿಡಿ. ಯಾರಾದ್ರೂ ಸ್ಟ್ರಿಂಗಿಗೆ ಮೈಕಿಗೆ ಅಂಟ್ಕೊಂಡ ಹಂಗೆ ನಿಂತ್ಬಿಟ್ರೆ ಓಡೋಗಿ ಹಿಡ್ಕೊಳ್ಬೇಡಿ, ನಿಮ್ಗೂ ಹೊಡಿಯುತ್ತೆ. ಮೊದ್ಲು ಮೇನ್ ಆಫ್, ಅದು ದೂರ ಇದ್ರೆ ಒಣಗಿದ ಮರದ ಕೋಲಲ್ಲೋ ಪ್ಲಾಸ್ಟಿಕ್ ಕುರ್ಚೀಲೋ ಮೈಕ್ ಸ್ಟ್ಯಾಂಡ್ ದೂರ ತಳ್ಳಿ. ಎಚ್ಚರ ಇಲ್ಲ, ಉಸಿರಾಡ್ತಿಲ್ಲ ಅಂದ್ರೆ 108ಕ್ಕೆ ಫೋನ್ ಮಾಡಿಸಿ, ಅಂಬುಲೆನ್ಸ್ ಬರೋವರೆಗೂ ಎದೆ ಒತ್ತುತ್ತಾ ಇರಿ, ನಿಲ್ಲಿಸ್ಬೇಡಿ. ಚೆನ್ನಾಗಿದೀನಿ ಅಂದ್ರೂ ಇಸಿಜಿ ಮಾಡಿಸ್ಬೇಕು, ಆಮೇಲೂ ಹಾರ್ಟ್ ಬೀಟ್ ಏರುಪೇರಾಗ್ಬಹುದು ಅಂತ ನನ್ನ ನೋಡಿದ ಡಾಕ್ಟರೇ ಹೇಳಿದ್ದು. ಆ ಮೇನ್ ಸ್ವಿಚ್ ಎಲ್ಲಿದೆ ಅಂತ ಸೌಂಡ್ ಚೆಕ್ ಟೈಮಲ್ಲೇ ಕೇಳಿ, ಹಾಡೋದು ಬಾರದಿರೋ ಫ್ರೆಂಡ್ ಒಬ್ಬ ಜೊತೆಗೆ ಬಂದೇ ಬಂದಿರ್ತಾನಲ್ಲ, ಅವನನ್ನ ಶೋ ಮುಗಿಯೋವರೆಗೂ ಅಲ್ಲೇ ನಿಲ್ಸಿ.