ಸಹಿ ಹಾಕುವ ಮುನ್ನ ಮಾಡಿಸಿದ ಮನೆ ತಪಾಸಣೆ

ಬೆಂಗಳೂರಿನ ಹೊರವಲಯದಲ್ಲಿ ಕೊಂಡ ಫ್ಲ್ಯಾಟಿನ ಪೊಸೆಷನ್ ಪತ್ರಕ್ಕೆ ಸಹಿ ಹಾಕುವ ಮುನ್ನ ನಾವು ಖಾಸಗಿ ಸಂಸ್ಥೆಯೊಂದರಿಂದ ಮನೆಯ ತಪಾಸಣೆ ಮಾಡಿಸಿದೆವು. ಬಂದ ಇಬ್ಬರು ತಜ್ಞರು ಸುಮಾರು ನಾಲ್ಕು ತಾಸು ದುಡಿದರು. ಅವರು ಸಲಾಕೆಯಿಂದ ಒಂದೊಂದೇ ಟೈಲನ್ನು ತಟ್ಟಿ, ಟೊಳ್ಳು ಸದ್ದು ಬಂದಲ್ಲೆಲ್ಲ ಗುರುತು ಹಾಕಿದರು. ಬಾಲ್ಕನಿಗೆ ನೀರು ಸುರಿದು, ಅದು ಜಾಲರಿಯತ್ತ ಹರಿಯದೆ ಗೋಡೆಯ ಬುಡದಲ್ಲೇ ನಿಲ್ಲುವುದನ್ನು ತೋರಿಸಿದರು. ಅಡುಗೆಮನೆಯ ಎರಡು ಸಾಕೆಟ್‌ಗಳಿಗೆ ಅರ್ಥಿಂಗ್ ಇಲ್ಲವೆಂಬುದನ್ನೂ ಪತ್ತೆಹಚ್ಚಿದರು. ನಮ್ಮ ಕಣ್ಣಿಗೆ ಇದೊಂದೂ ಬೀಳುತ್ತಿರಲಿಲ್ಲ.

ಮೂರನೆಯ ದಿನ ಕೈಸೇರಿದ ವರದಿಯಲ್ಲಿ ಪ್ರತಿ ದೋಷಕ್ಕೂ ದಿನಾಂಕವಿರುವ ಛಾಯಾಚಿತ್ರವಿತ್ತು. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯ 14(3)ನೇ ಕಲಮಿನ ಪ್ರಕಾರ, ಸ್ವಾಧೀನ ಕೊಟ್ಟ ದಿನದಿಂದ 5 ವರ್ಷಗಳೊಳಗೆ ಗಮನಕ್ಕೆ ತಂದ ದೋಷವನ್ನು ಬಿಲ್ಡರ್ 30 ದಿನಗಳಲ್ಲಿ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ತಪ್ಪಿದರೆ ಕೊಂಡವರು ಪರಿಹಾರಕ್ಕೆ ಅರ್ಹರು. ಆದ್ದರಿಂದ ವರದಿಯನ್ನು ಪತ್ರದೊಡನೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆವು.

ಸಂಸ್ಥೆಯ ಬಗ್ಗೆ ನನ್ನ ಮುಖ್ಯ ಆಕ್ಷೇಪ ಇಲ್ಲಿಯೇ ಇದೆ. ವರದಿಯು ದೋಷಗಳನ್ನು 'ಗಂಭೀರ', 'ಸಣ್ಣ' ಎಂದು ವಿಂಗಡಿಸಿ, ಟೊಳ್ಳು ಟೈಲುಗಳನ್ನು ಎರಡನೆಯ ಗುಂಪಿಗೆ ಸೇರಿಸಿತ್ತು. ನಿಮ್ಮ ತಜ್ಞರೇ ಸಣ್ಣದೆಂದು ಬರೆದಿರುವಾಗ ರಿಪೇರಿಯ ಅಗತ್ಯವೇನು ಎಂದು ಬಿಲ್ಡರ್ ಉತ್ತರಿಸಿದರು. ಕಾಯ್ದೆಯಾದರೋ ಕಟ್ಟಡದ ರಚನೆಯ ದೋಷವನ್ನಷ್ಟೇ ಅಲ್ಲದೆ ಕೆಲಸಗಾರಿಕೆ, ಗುಣಮಟ್ಟ, ಸೌಲಭ್ಯಗಳ ದೋಷಗಳನ್ನೂ ಒಟ್ಟಿಗೇ ಹೇಳುತ್ತದೆ. ಸಣ್ಣದನ್ನು ಬಿಟ್ಟುಬಿಡಬಹುದೆಂದು ಎಲ್ಲಿಯೂ ಹೇಳುವುದಿಲ್ಲ. ಈ ಮಾತನ್ನು ಎರಡನೆಯ ಪತ್ರದಲ್ಲಿ ಬರೆದ ಮೇಲೆಯೇ ಟೈಲುಗಳನ್ನು ಬದಲಿಸಿದರು, ಅರ್ಥಿಂಗ್ ತಂತಿಯನ್ನೂ ಎಳೆದರು.

ಇನ್ನೊಂದು ಕೊರತೆ ಸ್ನಾನಗೃಹದ್ದು. ನೆಲದ ಮೇಲೆ ಒಂದು ದಿನ ನೀರು ನಿಲ್ಲಿಸಿ ಸೋರಿಕೆ ನೋಡುವ ಪರೀಕ್ಷೆಯನ್ನು ಅವರು ಮಾಡಲಿಲ್ಲ. ಅದು ತಮ್ಮ ಪ್ಯಾಕೇಜಿನಲ್ಲಿ ಇಲ್ಲವೆಂಬುದನ್ನು ಮೊದಲೇ ತಿಳಿಸಲೂ ಇಲ್ಲ. ಎರಡು ತಿಂಗಳಲ್ಲಿ ಪಕ್ಕದ ಕೋಣೆಯ ಗೋಡೆಗೆ ತೇವ ಹತ್ತಿತು. ಹಣ ಪಡೆದು ಮಾಡುವ ತಪಾಸಣೆಯೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅರ್ಥದಲ್ಲಿ ಒಂದು ಸೇವೆಯೇ. ಅದರಲ್ಲಿ ಲೋಪವಾದರೆ 2 ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ನಾವು ಅಲ್ಲಿಯವರೆಗೆ ಹೋಗಲಿಲ್ಲ, ಏಕೆಂದರೆ ವಿಷಯ ತಿಳಿಸಿದಾಗ ಸಂಸ್ಥೆಯವರು ಮತ್ತೆ ಬಂದು, ಶುಲ್ಕವಿಲ್ಲದೆ ಆ ಪರೀಕ್ಷೆ ನಡೆಸಿ, ಪೂರಕ ವರದಿ ಬರೆದುಕೊಟ್ಟರು.

ತಜ್ಞರ ಶ್ರದ್ಧೆಯನ್ನು ಕಂಡಿರುವುದರಿಂದ ಈ ಸೇವೆಯನ್ನು ಬೇರೆಯವರಿಗೂ ಹೇಳುತ್ತೇನೆ. ಆದರೆ ಮುಂಗಡ ಕೊಡುವ ಮೊದಲೇ ನೀರು ನಿಲ್ಲಿಸುವ ಪರೀಕ್ಷೆಯನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ. ದೋಷಗಳ ಪಟ್ಟಿಯಲ್ಲಿ 'ಸಣ್ಣ' ಎಂಬ ಕಾಲಮನ್ನು ತೆಗೆಸಿ.